ತಂಬೂರಿ ಮಾಡಿಸುವ ಮುನ್ನ



ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಶಾಲೆಯ ಎಂಟನೆಯ ಇಯತ್ತೆಯಲ್ಲಿ ಇಂಪಾಗಿ ಹಾಡುವ ಹುಡುಗಿಯೊಬ್ಬಳಿದ್ದಳು. ಅವಳ ತಂದೆ ಜೋಳ ಮಾರಿ ಬಂದ ಹಣದಲ್ಲಿ ಮಗಳಿಗೊಂದು ತಂಬೂರಿ ಕೊಂಡು ತಂದರು. ದೊಡ್ಡ ಬುರುಡೆ, ದಂಡಿಯ ತುಂಬ ಬಿಳಿ ಕುಸುರಿ, ಮುಖ ಕಾಣುವಂಥ ಮೆರುಗು. ಓಣಿಯವರೆಲ್ಲ ನೋಡಿ ಹೋದರು. ಆದರೆ ಅದರ ಶ್ರುತಿಗೆ ಹಾಡಲು ಕುಳಿತರೆ ಹುಡುಗಿಯ ದನಿ ಕೆಳಗಿನ ಸ್ವರಗಳಲ್ಲಿ ಅಡಗಿಹೋಗುತ್ತಿತ್ತು. ಶ್ರುತಿ ಏರಿಸಹೋದರೆ ತಂತಿ ಹರಿಯುತ್ತಿತ್ತು. “ನಿನ್ನ ಸ್ವರ ನಿಲ್ಲುವುದಿಲ್ಲ, ಇನ್ನಷ್ಟು ಸಾಧನೆ ಮಾಡು” ಎಂದು ಎಲ್ಲರೂ ಹೇಳಿದೆವು, ನಾನೂ ಹೇಳಿದೆ. ವರ್ಷ ತುಂಬುವುದರೊಳಗೆ ಅವಳು ಹಾಡುವುದನ್ನೇ ಬಿಟ್ಟಳು.

ಮುಂದೊಮ್ಮೆ ಮಿರಜಿನ ಕುಶಲಕರ್ಮಿಯೊಬ್ಬರು ಆ ತಂಬೂರಿಯನ್ನು ಮೀಟಿ ನೋಡಿ, “ವಾದ್ಯ ಛಲೋ ಐತ್ರಿ ಮಾಸ್ತರ, ಆದರ ಇದು ಗಂಡಸರ ತಂಬೂರಿ. ಹುಡುಗಿ ದನಿ ಕೇಳಲಾರದ ಯಾರು ತಂದ್ರು?” ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ನಾನು ಸಂಗೀತ ಬಲ್ಲವನಲ್ಲ, ವಿಜ್ಞಾನ ಕಲಿಸುವವನು. ಆದರೂ ಅಂದಿನಿಂದ ಕೇಳಿ, ನೋಡಿ, ಓದಿ ತಿಳಿದುದನ್ನು ಇಲ್ಲಿ ಹೇಳುತ್ತೇನೆ. ಇನ್ನೊಂದು ಮನೆಯಲ್ಲಿ ಹೀಗಾಗಬಾರದು.

ಮಿರಜ ನಮಗೆ ದೂರದ ಊರಲ್ಲ. ನಮ್ಮ ಸಾಂಗಲಿ ಜಿಲ್ಲೆಯದೇ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಅಲ್ಲಿನ ಶಿಕಲಗಾರ ಮನೆತನದವರು, ಅಂದರೆ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದವರು, ತಂತಿವಾದ್ಯ ಮಾಡುವ ಕೆಲಸಕ್ಕೆ ತಿರುಗಿದರು. ಅವರಲ್ಲಿ ಫರೀದಸಾಹೇಬರ ಹೆಸರು ಪ್ರಸಿದ್ಧ. ಕಾಲಕ್ರಮದಲ್ಲಿ ‘ಸಿತಾರ್‌ಮೇಕರ್’ ಎಂಬುದೇ ಆ ಮನೆತನಗಳ ಅಡ್ಡಹೆಸರಾಯಿತು. ಉಸ್ತಾದ್ ಅಬ್ದುಲ್ ಕರೀಂ ಖಾನರು (ನಿಧನ ೧೯೩೭) ನೆಲೆಸಿದ್ದು ಈ ಊರಿನಲ್ಲಿಯೇ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಗಂಗೂಬಾಯಿ ಹಾನಗಲ್ಲ ಮತ್ತು ಭೀಮಸೇನ ಜೋಶಿಯವರು ಸವಾಯಿ ಗಂಧರ್ವರ ಶಿಷ್ಯರು. ಮಿರಜಿನ ಸಿತಾರಿಗೂ ತಂಬೂರಿಗೂ ೨೦೨೪ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು.

ಇನ್ನು ಆಯ್ಕೆಯ ವಿಚಾರ. ಮೊದಲು ನೋಡಬೇಕಾದುದು ವಾದ್ಯವನ್ನಲ್ಲ, ಹಾಡುವವರ ದನಿಯನ್ನು. ಪೇಟಿಯ ಲೆಕ್ಕದಲ್ಲಿ ಹೇಳುವುದಾದರೆ ಗಂಡಸರು ಸಾಮಾನ್ಯವಾಗಿ ಕರಿ ಒಂದರ ಆಸುಪಾಸಿನಲ್ಲಿ, ಹೆಣ್ಣುಮಕ್ಕಳು ಕರಿ ನಾಲ್ಕು ಅಥವಾ ಐದರ ಆಸುಪಾಸಿನಲ್ಲಿ ಷಡ್ಜ ಇಟ್ಟುಕೊಳ್ಳುತ್ತಾರೆ. ಅದಕ್ಕೆ ತಕ್ಕಂತೆ ಗಂಡು ತಂಬೂರಿ ಸುಮಾರು ಐದು ಅಡಿ ಉದ್ದವಿದ್ದರೆ ಹೆಣ್ಣು ತಂಬೂರಿ ನಾಲ್ಕು ಅಡಿಯ ಹತ್ತಿರ ಇರುತ್ತದೆ.

ಈ ಭೇದಕ್ಕೆ ಕಾರಣವನ್ನು ನೀವು ಭೌತಶಾಸ್ತ್ರದ ಪಾಠದಲ್ಲಿಯೇ ಕಾಣಬಹುದು. ತಂತಿಯ ಕಂಪನಗಳ ನಿಯಮಗಳನ್ನು ಫ್ರಾನ್ಸಿನ ಮರ್ಸೆನ್ ೧೬೩೬ರಲ್ಲಿ ಪ್ರಕಟಿಸಿದನು. ಉಳಿದೆಲ್ಲ ಸಮನಾಗಿದ್ದರೆ, ತಂತಿ ಗಿಡ್ಡವಾದಷ್ಟೂ ಸ್ವರ ಏರುತ್ತದೆ. ೧೦೦ ಸೆಂಟಿಮೀಟರ್ ತಂತಿಯನ್ನು ೭೫ ಸೆಂಟಿಮೀಟರಿಗೆ ಇಳಿಸಿದರೆ ಕಂಪನ ಸಂಖ್ಯೆ ೪/೩ ಪಟ್ಟು ಆಗುತ್ತದೆ. ಅಂದರೆ ‘ಸ’ ಇದ್ದದ್ದು ‘ಮ’ ಆಗುತ್ತದೆ. ಉದ್ದವನ್ನು ಹಾಗೆಯೇ ಇಟ್ಟು ಬಿರಡೆ ತಿರುವಿಯೇ ಅಷ್ಟು ಏರಿಸಬೇಕೆಂದರೆ? ಆಗ ಬಿಗಿತವನ್ನು ೧೬/೯ ಪಟ್ಟು, ಹೆಚ್ಚುಕಡಿಮೆ ಒಂದೂ ಮುಕ್ಕಾಲು ಪಟ್ಟು ಮಾಡಬೇಕಾಗುತ್ತದೆ. ಆ ಹುಡುಗಿಯ ತಂತಿಗಳು ಏಕೆ ಹರಿಯುತ್ತಿದ್ದವೆಂಬುದು ಈಗ ತಿಳಿಯಿತಲ್ಲವೇ? ಇದಕ್ಕೆ ಪ್ರತಿಯಾಗಿ, ಗಿಡ್ಡ ತಂಬೂರಿಯನ್ನು ಗಂಡಸಿನ ಶ್ರುತಿಗೆ ಇಳಿಸಿದರೆ ತಂತಿ ಸಡಿಲಾಗಿ ನಾದ ಸೊರಗುತ್ತದೆ.

ಗಂಡುಮಕ್ಕಳ ಪಾಲಕರಿಗೆ ಇಲ್ಲೊಂದು ಸೂಚನೆ. ಹದಿಮೂರು-ಹದಿನಾಲ್ಕರ ಸುಮಾರಿಗೆ ಹುಡುಗರ ದನಿ ಒಡೆದು ಕೆಳಗಿಳಿಯುತ್ತದೆ. ದನಿ ನೆಲೆ ನಿಲ್ಲುವವರೆಗೆ ಹೊಸ ತಂಬೂರಿ ಮಾಡಿಸಲು ಅವಸರ ಬೇಡ.

ಎರಡನೆಯದು ಬುರುಡೆ. ಮಿರಜಿನ ತಂಬೂರಿಯ ಬುರುಡೆ ತಿನ್ನಲು ಬಾರದ ಕಹಿ ಸೋರೆಯದು. ಪಂಢರಪುರ, ಮಂಗಳವೇಢೆ ಭಾಗದ ರೈತರು ಇದನ್ನು ಬೆಳೆಯುತ್ತಾರೆ. ಕಾಯಿ ಬಲಿತು, ತಿಂಗಳುಗಟ್ಟಲೆ ಒಣಗಿ, ಹಗುರವೂ ಗಟ್ಟಿಯೂ ಆದ ಮೇಲೆಯೇ ಕೆಲಸಕ್ಕೆ ಬರುತ್ತದೆ. ನಂತರ ಅದನ್ನು ಕೊರೆದು, ನೀರಿನಲ್ಲಿ ನೆನೆಸಿ ಮೆದುಮಾಡಿ, ಒಳಗೆ ಕಡ್ಡಿಗಳನ್ನು ಕೊಟ್ಟು ಬೇಕಾದ ಆಕಾರಕ್ಕೆ ತರುತ್ತಾರೆ. ದುಂಡಗಿನ, ಬಿರುಕಿಲ್ಲದ, ಎಲ್ಲ ಕಡೆ ಒಂದೇ ದಪ್ಪವಿರುವ ಬುರುಡೆಯನ್ನು ಆರಿಸಬೇಕು. ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಮೊಳಗಬೇಕು. ದಕ್ಷಿಣದ ಕಡೆ ತಂಜಾವೂರಿನಲ್ಲಿ ಹಲಸಿನ ಮರವನ್ನೇ ಕೊರೆದು ಕೊಡ ಮಾಡುತ್ತಾರೆ. ಅದು ಭಾರ ಹೆಚ್ಚು, ಪೆಟ್ಟು ತಾಳುತ್ತದೆ. ಸೋರೆಯ ಬುರುಡೆ ಹಗುರ, ಆದರೆ ಒಮ್ಮೆ ಕೈಜಾರಿದರೆ ಒಡೆಯಿತೆಂದೇ ತಿಳಿಯಬೇಕು. ಬಸ್ಸಿನಲ್ಲಿ ತಿರುಗಾಡುವವರು ಗಟ್ಟಿ ಪೆಟ್ಟಿಗೆಯ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಮೂರನೆಯದು ಮರ. ದಂಡಿಗೂ, ಬುರುಡೆಯ ಬಾಯಿ ಮುಚ್ಚುವ ತಬಲಿಗೂ ‘ತೂನ್’ ಎಂಬ ಮರವನ್ನು ಹೆಚ್ಚಾಗಿ ಬಳಸುತ್ತಾರೆ. ನಮ್ಮ ಕನ್ನಡದಲ್ಲಿ ಇದಕ್ಕೆ ಗಂಧಗರಿಗೆ ಎನ್ನುತ್ತಾರೆ. ಇದು ಹಗುರ, ನಾದಕ್ಕೆ ಬೇಗ ಸ್ಪಂದಿಸುತ್ತದೆ. ಸಾಗವಾನಿಯದೂ ಉಂಟು, ಅದು ತೂಕ ಹೆಚ್ಚು, ಬಾಳಿಕೆಯೂ ಹೆಚ್ಚು. ಯಾವ ಮರವಾದರೂ ಚೆನ್ನಾಗಿ ಹಳತಾಗಿ ಒಣಗಿರಬೇಕು. ಹಸಿಮರದ ದಂಡಿ ಮುಂದೆ ಬಾಗುತ್ತದೆ. ಕೊಳ್ಳುವಾಗ ದಂಡಿಯ ತುದಿಗೆ ಕಣ್ಣಿಟ್ಟು ಉದ್ದಕ್ಕೂ ನೋಡಿರಿ, ಬಾಗಿದ್ದರೆ ತಿಳಿಯುತ್ತದೆ.

ನಾಲ್ಕನೆಯದು ಕುದುರೆ, ಎಂದರೆ ತಬಲಿಯ ಮೇಲೆ ತಂತಿಗಳನ್ನು ಹೊತ್ತ ಅಗಲವಾದ ತುಂಡು. ತಂಬೂರಿಯ ಜೀವ ಇರುವುದು ಇಲ್ಲಿ. ಅದರ ಬೆನ್ನು ಚಪ್ಪಟೆಯಲ್ಲ, ನವಿರಾಗಿ ಇಳಿಜಾರು. ತಂತಿ ಅದನ್ನು ಸವರುತ್ತ ಕಂಪಿಸುತ್ತದೆ. ತಂತಿಯ ಅಡಿಗೆ ಒಂದು ಎಳೆ ದಾರ ಸೇರಿಸಿ ಹಿಂದೆ ಮುಂದೆ ಸರಿಸಿದರೆ ಒಂದು ಸ್ಥಳದಲ್ಲಿ ನಾದ ಒಮ್ಮೆಲೇ ಅರಳುತ್ತದೆ. ಇದಕ್ಕೆ ಜವಾರಿ ಎನ್ನುವರು. ಸಾಮಾನ್ಯ ನಿಯಮದಂತೆ ತಂತಿಯನ್ನು ನಟ್ಟನಡುವೆ ಮೀಟಿದರೆ ಕೆಲವು ಉಪಸ್ವರಗಳು ಹುಟ್ಟಬಾರದು. ತಂಬೂರಿಯಲ್ಲಿ ಅವೂ ಕೇಳಿಸುತ್ತವೆ. ಈ ವಿಚಿತ್ರವನ್ನು ಸಿ. ವಿ. ರಾಮನ್‌ರು ೧೯೨೧ರ ಲೇಖನವೊಂದರಲ್ಲಿ ಎತ್ತಿ ತೋರಿಸಿ, ಕಾರಣ ಈ ಕುದುರೆಯ ಬೆನ್ನಿನಲ್ಲಿದೆ ಎಂದರು. ಮುಂದೆ ೧೯೩೦ರಲ್ಲಿ ನೊಬೆಲ್ ಪಡೆದವರು ಇವರೇ.

ಹಿಂದೆ ಕುದುರೆಗೆ ಜಿಂಕೆಯ ಕೊಂಬನ್ನೂ ಆನೆಯ ದಂತವನ್ನೂ ಬಳಸುತ್ತಿದ್ದರು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ ತಿದ್ದುಪಡಿಗಳಿಂದ ಆ ವ್ಯಾಪಾರ ನಿಷಿದ್ಧವಾಗಿದೆ. ಯಾರಾದರೂ ಆಸೆ ತೋರಿಸಿದರೂ ಕೊಳ್ಳಬೇಡಿರಿ. ಒಂಟೆಯ ಎಲುಬಿನ ಕುದುರೆ ಚೆನ್ನಾಗಿಯೇ ನುಡಿಯುತ್ತದೆ. ತಂತಿ ತಿಕ್ಕಿ ತಿಕ್ಕಿ ಅದರಲ್ಲಿ ಗೀರು ಬೀಳುವುದರಿಂದ ಆಗಾಗ ಬಲ್ಲವರಿಂದ ಜವಾರಿ ಸರಿಪಡಿಸಿಕೊಳ್ಳಬೇಕು.

ಐದನೆಯದು ತಂತಿ. ನಾಲ್ಕು ತಂತಿಗಳಲ್ಲಿ ಮೊದಲನೆಯದು ಪಂಚಮ, ನಡುವಿನ ಎರಡು ಷಡ್ಜ, ಕೊನೆಯದು ಖರ್ಜದ ಷಡ್ಜ. ನಡುವಿನವು ಉಕ್ಕಿನವು, ಕೊನೆಯದು ಹಿತ್ತಾಳೆಯದು. ಗಂಡು ತಂಬೂರಿಗೆ ಮೊದಲನೆಯದನ್ನೂ ಹಿತ್ತಾಳೆಯದೇ ಹಾಕುವುದುಂಟು.

“ಸರ್, ಗಿಟಾರಿಗೆ ಬುರುಡೆಯೇ ಇಲ್ಲವಲ್ಲ?” ಎಂದು ಹತ್ತನೆಯ ಇಯತ್ತೆಯ ಹುಡುಗನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಅವನು ಕಂಡದ್ದು ವಿದ್ಯುತ್ ಗಿಟಾರು. ಅದರ ಒಡಲು ಸಾಮಾನ್ಯವಾಗಿ ಗಟ್ಟಿ ಮರ. ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ತಾಮ್ರದ ಸುರುಳಿ. ಉಕ್ಕಿನ ತಂತಿ ಅಲುಗಿದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟಿ, ಧ್ವನಿವರ್ಧಕದಲ್ಲಿ ನಾದವಾಗುತ್ತದೆ. ಅದಕ್ಕೆ ನಮ್ಮ ಹಿತ್ತಾಳೆಯ ತಂತಿ ಕಟ್ಟಿದರೆ ಅಯಸ್ಕಾಂತ ಅದನ್ನು ಗುರುತಿಸುವುದೇ ಇಲ್ಲ. ಆ ವಾದ್ಯ ಮಾಡಿಸುವವನು ಅಯಸ್ಕಾಂತ-ಸುರುಳಿಗಳನ್ನು ಎಚ್ಚರದಿಂದ ಆರಿಸಬೇಕು. ತಂಬೂರಿ ಮಾಡಿಸುವವನು ಬುರುಡೆ, ತಬಲಿ, ಕುದುರೆಗಳನ್ನು. ನಾದ ಎಲ್ಲಿ ಬೆಳೆಯುತ್ತದೆಯೋ ಅಲ್ಲಿ ಹಣ ಹಾಕಬೇಕು.

ಕೊನೆಯದು ಅಲಂಕಾರ. ಕುಸುರಿಗೂ ಬಣ್ಣಕ್ಕೂ ಕೈಕೆಲಸದ ಬೆಲೆ ಇದೆ, ಅಲ್ಲಗಳೆಯುವುದಿಲ್ಲ. ಆದರೆ ಅದರಿಂದ ಶ್ರುತಿ ಕೂಡುವುದಿಲ್ಲ. ಹಣ ಕಡಿಮೆಯಿದ್ದರೆ ಮೊದಲು ಬಿಡಬೇಕಾದುದು ಇದನ್ನೇ.

ಕೊಳ್ಳುವ ಮುನ್ನ ಹೀಗೆ ಪರೀಕ್ಷಿಸಿರಿ. ಬಿರಡೆಗಳು ಬಿಗಿಯಾಗಿ ತಿರುಗಿ ನಿಂತಲ್ಲಿ ನಿಲ್ಲಬೇಕು. ತಂಬೂರಿಯನ್ನು ಶ್ರುತಿ ಮಾಡಿಸಿ, ಕೊನೆಯ ಖರ್ಜದ ತಂತಿಯನ್ನು ಮೀಟಿ ಕಣ್ಣು ಮುಚ್ಚಿ ಕೇಳಿರಿ. ಒಳ್ಳೆಯ ತಂಬೂರಿಯಾದರೆ ಯಾರೂ ಮೀಟದ ಗಾಂಧಾರ ಅದರೊಳಗಿಂದ ತಾನಾಗಿ ತೇಲಿ ಬರುತ್ತದೆ. ಆ ಮೇಲೆ ಮಗು ಅದರೊಡನೆ ಹಾಡಲಿ. ಕೆಳಗಿನ ಪಂಚಮವೂ ಮೇಲಿನ ಪಂಚಮವೂ ಗಂಟಲಿಗೆ ಶ್ರಮವಾಗದೆ ಬರುತ್ತವೆಯೇ ನೋಡಿರಿ.

ಅನುಕೂಲವಿಲ್ಲದವರು ಚಿಂತಿಸಬೇಕಿಲ್ಲ. ವಿದ್ಯುನ್ಮಾನ ತಂಬೂರಿಯಿಂದಲೂ ಮೊಬೈಲಿನಿಂದಲೂ ಅಭ್ಯಾಸ ಸಾಗುತ್ತದೆ. ಅಲ್ಲಿ ಶ್ರುತಿಯನ್ನು ಬೇಕಾದಂತೆ ಬದಲಿಸಬಹುದು. ಆದರೆ ತನ್ನ ತಂಬೂರಿಯನ್ನು ತಾನೇ ಶ್ರುತಿ ಮಾಡುವ ಮಗುವಿನ ಕಿವಿ ಬೇರೆಯೇ ರೀತಿ ಹದಗೊಳ್ಳುತ್ತದೆ.

ಆ ಹುಡುಗಿಯ ತಂಬೂರಿ ಈಗ ನಮ್ಮ ಶಾಲೆಯಲ್ಲಿದೆ. ಅವಳ ತಂದೆಯೇ ತಂದು ಕೊಟ್ಟರು. ಗಣಿತದ ಮಾಸ್ತರರು ಭಜನೆಗೆ ಕುಳಿತಾಗ ಅದು ಗಂಭೀರವಾಗಿ ಮೊಳಗುತ್ತದೆ. ಅದನ್ನು ಕೇಳಿದಾಗಲೆಲ್ಲ, ದೋಷ ವಾದ್ಯದಲ್ಲೂ ಇರಲಿಲ್ಲ, ಹುಡುಗಿಯಲ್ಲೂ ಇರಲಿಲ್ಲ, ಕೇಳದೆ ಕೂಡಿಸಿದ ನಮ್ಮಲ್ಲಿತ್ತು ಎನಿಸುತ್ತದೆ. ಹೆಣ್ಣುಮಕ್ಕಳಿಗಾಗಿ ಇನ್ನೊಂದು ತಂಬೂರಿ ಮಾಡಿಸಬೇಕೆಂಬ ವಿಚಾರ ಶಾಲೆಯಲ್ಲಿ ನಡೆದಿದೆ. ಅದು ಕೈಗೂಡಿದ ದಿನ ಮಿರಜಿಗೆ ಹಣವನ್ನಷ್ಟೇ ಒಯ್ಯುವುದು ಬೇಡ. ಹಾಡುವ ಹುಡುಗಿಯರನ್ನೂ ಕರೆದುಕೊಂಡು ಹೋಗೋಣ.

— ವಿಜ್ಞಾನ ಶಿಕ್ಷಕ