ಬಿಳಿಯ ಕಣಗಳ ಅಕಾಲ ಮರಣ

ಭೌತವಿಜ್ಞಾನವನ್ನು ಬೋಧಿಸುವ ನಮಗೆ ಜೀವಿಗಳ ವಿಚಾರದಲ್ಲಿ ಬಹಳ ಸೋಜಿಗವೆನಿಸಿದ ಸಂಗತಿಯೊಂದುಂಟು. ಆರೋಗ್ಯವಂತ ಶರೀರದಲ್ಲಿ ದಿನದಿನವೂ ಕೋಟ್ಯಂತರ ಜೀವಕಣಗಳು ಸಾಯುತ್ತವೆ; ಹಾಗೆ ಸಾಯುವುದರಿಂದಲೇ ಶರೀರವು ಕ್ಷೇಮವಾಗಿರುತ್ತದೆ. ಆದರೆ ಈ ಸಾವು ಮಿತಿಮೀರಿದರೆ ಏನಾದೀತು?

ರೋಗಾಣುಗಳನ್ನೆದುರಿಸುವ ಬಿಳಿಯ ರಕ್ತಕಣಗಳಲ್ಲಿ ಲಿಂಫೋಸೈಟುಗಳೆಂಬ ಪಂಗಡವಿದೆ. ಇವುಗಳಲ್ಲಿ ಕೆಲವು ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಬಲಿಯುತ್ತವೆ. ಅಲ್ಲಿ ಅವಕ್ಕೆ ಕಠಿನ ಪರೀಕ್ಷೆ. ಕೆಲಸಕ್ಕೆ ಬಾರದವೂ ಸ್ವಂತ ಶರೀರವನ್ನೇ ಹಗೆಯೆಂದು ಬಗೆಯುವವೂ ಅಲ್ಲಿಯೇ ಅಳಿಯುತ್ತವೆ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಣಗಳ ಗತಿ ಇದೇ. ಇಂತಹ ಕ್ರಮಬದ್ಧ ಮರಣಕ್ಕೆ 1972ರಲ್ಲಿ ಕೆರ್, ವೈಲಿ, ಕರಿ ಎಂಬ ವಿಜ್ಞಾನಿಗಳು 'ಅಪೊಪ್ಟೋಸಿಸ್' ಎಂಬ ಹೆಸರನ್ನಿತ್ತರು. ಮರದಿಂದ ಎಲೆಯುದುರುವುದನ್ನು ಸೂಚಿಸುವ ಗ್ರೀಕ್ ಪದವದು.

ಉದುರಿದ ಎಲೆಯನ್ನು ಗುಡಿಸಬೇಕಷ್ಟೆ. ಸತ್ತ ಕಣಗಳ ಡಿ.ಎನ್.ಎ. ಒಡೆದಾಗ ಡಿಆಕ್ಸಿಅಡಿನೋಸೀನ್ ಎಂಬ ವಸ್ತು ಉಳಿಯುತ್ತದೆ. ಅದನ್ನು ನಿರಪಾಯವಾದ ರೂಪಕ್ಕೆ ತಿರುಗಿಸುವುದು ಅಡಿನೋಸೀನ್ ಡಿಅಮಿನೇಸ್ ಎಂಬ ಕಿಣ್ವ. ಈ ಕಿಣ್ವವಿಲ್ಲದಿದ್ದರೆ ಆ ವಸ್ತು ಲಿಂಫೋಸೈಟುಗಳೊಳಗೆ ಫಾಸ್ಫೇಟಿನೊಡನೆ ಕೂಡಿ ಶೇಖರಗೊಳ್ಳುತ್ತದೆ, ಹೊಸ ಡಿ.ಎನ್.ಎ. ರಚನೆಯನ್ನು ತಡೆಯುತ್ತದೆ, ಬದುಕಬೇಕಾದ ಕಣವನ್ನೂ ಕೊಲ್ಲುತ್ತದೆ. ಸತ್ತವುಗಳ ಕಸವೇ ಬದುಕಿದ್ದವುಗಳಿಗೆ ವಿಷವಾಗುತ್ತದೆ!

1972ರಲ್ಲಿಯೇ ಅಮೆರಿಕದ ಸಿಯಾಟಲ್ ನಗರದ ಎಲೋಯಿಸ್ ಗಿಬ್ಲೆಟ್ ಮತ್ತು ಸಂಗಡಿಗರು, ರೋಗನಿರೋಧ ಶಕ್ತಿ ಕುಂದಿದ ಇಬ್ಬರು ಮಕ್ಕಳ ರಕ್ತದಲ್ಲಿ ಈ ಕಿಣ್ವವಿಲ್ಲವೆಂದು ಪ್ರಕಟಿಸಿದರು. ಇದು ವಂಶಪಾರಂಪರ್ಯವಾಗಿ ಬರುವ ದೋಷ. ತಂದೆ ತಾಯಿ ಇಬ್ಬರಲ್ಲಿಯೂ ಕೆಟ್ಟ ಜೀನು ಒಂದೊಂದಿದ್ದರೆ ಅವರು ಆರೋಗ್ಯವಾಗಿಯೇ ಇರುತ್ತಾರೆ. ಆದರೆ ಹುಟ್ಟುವ ಪ್ರತಿ ಶಿಶುವಿಗೂ ರೋಗ ಬರುವ ಸಂಭವ ನಾಲ್ಕರಲ್ಲೊಂದು. ಅಂತಹ ಶಿಶುವಿಗೆ ಸಾಮಾನ್ಯ ಸೋಂಕೂ ಮಾರಕ. ಚಿಕಿತ್ಸೆಯಿಲ್ಲದಿದ್ದರೆ ಅದು ಎರಡು ವರ್ಷ ತುಂಬುವುದೇ ವಿರಳ.

ಇದಕ್ಕೆ ಉಪಾಯಗಳುಂಟು. ಹೊಂದಿಕೆಯಾಗುವ ಅಸ್ಥಿಮಜ್ಜೆಯನ್ನು ಕಸಿಮಾಡಬಹುದು. ಕಿಣ್ವವನ್ನು ಚುಚ್ಚುಮದ್ದಾಗಿ ಕೊಡಬಹುದು. 1990ರ ಸೆಪ್ಟೆಂಬರ್ 14ರಂದು ಅಮೆರಿಕದ ಬೆಥೆಸ್ಡಾದಲ್ಲಿ ನಾಲ್ಕು ವರ್ಷದ ಬಾಲಕಿಯೊಬ್ಬಳ ಲಿಂಫೋಸೈಟುಗಳಿಗೆ ಒಳ್ಳೆಯ ಜೀನನ್ನು ಸೇರಿಸಿ ಅವಳಿಗೇ ಹಿಂದಿರುಗಿಸಿದರು. ಕಿಣ್ವದ ಚುಚ್ಚುಮದ್ದನ್ನು ಮಾತ್ರ ಮುಂದುವರಿಸಬೇಕಾಯಿತು. ಮಜ್ಜೆಯ ಮೂಲಕಣಗಳನ್ನೇ ತಿದ್ದುವ ಚಿಕಿತ್ಸೆಗೆ 2016ರಲ್ಲಿ ಯೂರೋಪಿನಲ್ಲಿ ಅನುಮತಿ ದೊರೆಯಿತು.

ಆದರೆ ಸೋಂಕು ತಗಲುವ ಮುನ್ನ ರೋಗವನ್ನು ಅರಿಯಬೇಕು. ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತದಿಂದ ಲಿಂಫೋಸೈಟುಗಳ ಕೊರತೆಯನ್ನು ಕಂಡುಹಿಡಿಯಬಹುದು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಈ ಪರೀಕ್ಷೆ 2008ರಲ್ಲಿ ಆರಂಭವಾಯಿತು. ತಾಯ ಮಡಿಲಲ್ಲಿ ನಗುತ್ತಿರುವ ಮಗುವಿನ ಅಪಾಯವನ್ನು ಆ ಹನಿಗಳು ಮೊದಲೇ ತಿಳಿಸಬಲ್ಲವು.