ಹಿಂದೆ ಕೂರುವವರನ್ನು ಮೊದಲು ಕೇಳಿರಿ
ಮೋಟಾರು ಸೈಕಲ್ಲಿನ ಸೀಟು ಬದಲಿಸುವ ಗೃಹಸ್ಥರಿಗೆ ಕೆಲವು ಮಾತು

ಅಂಗವನ್ನು ಲಿಂಗದ ನೆಲೆಯೆಂದು ಬಗೆದ ಧರ್ಮ ನಮ್ಮದು. ಶರಣರು ದೇಹವನ್ನು ದಂಡಿಸಿರೆಂದು ಹೇಳಲಿಲ್ಲ. ಕಾಯಕಕ್ಕೂ ಪೂಜೆಗೂ ಯೋಗ್ಯವಾಗಿ ಇರಿಸಿಕೊಳ್ಳಿರೆಂದು ಹೇಳಿದರು. ಆದುದರಿಂದ ಮೋಟಾರು ಸೈಕಲ್ಲಿನ ಸೀಟಿನ ವಿಚಾರವನ್ನು ಇಲ್ಲಿ ಎತ್ತಿಕೊಂಡುದಕ್ಕೆ ಓದುಗ ಬಂಧುಗಳು ಅಚ್ಚರಿಪಡಬೇಕಾಗಿಲ್ಲ. ಹಗಲೆಲ್ಲ ಬೈಕಿನ ಮೇಲೆ ಕುಳಿತು ಸೊಂಟ ಹಿಡಿದವನು ಸಂಜೆ ಬೆನ್ನು ನೇರಮಾಡಿ ಇಷ್ಟಲಿಂಗವನ್ನು ದಿಟ್ಟಿಸುವುದಾದರೂ ಹೇಗೆ?

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ರೂಪುಗೊಂಡ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ದ್ವಿಚಕ್ರವಾಹನವು ಭೋಗದ ವಸ್ತುವಲ್ಲ, ಕಾಯಕದ ಉಪಕರಣ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ರೇಷ್ಮೆಗೂಡು ಹೋಗುವುದು ಅದರ ಮೇಲೆ. ಚಿಂತಾಮಣಿಯ ಸಂತೆಗೆ, ಗೌರಿಬಿದನೂರಿನ ಕಚೇರಿಗೆ, ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೋಗುವುದೂ ಅದರ ಮೇಲೆಯೇ. ಬೆಳಿಗ್ಗೆ ಮೂಟೆ ಹೊತ್ತ ಆ ಗಾಡಿಯೇ ಸಂಜೆ ತಾಯಿಯನ್ನೋ ಮಡದಿಯನ್ನೋ ಕೂರಿಸಿಕೊಂಡು ನೆಂಟರ ಮನೆಗೆ, ಮಠದ ಅನುಭಾವಗೋಷ್ಠಿಗೆ ಹೊರಡುತ್ತದೆ.

ಹೀಗಿರುವಾಗ ಗಾಡಿಯೊಡನೆ ಬಂದ ಸೀಟು ಹಿತವಾಗದೆ ಹೊಸದನ್ನು ಹಾಕಿಸಿಕೊಳ್ಳುವವರು ಬಹಳ. ಆದರೆ ಆರಿಸುವ ಬಗೆ ನೋಡಿ: ಗಾಡಿಯ ಒಡೆಯ ಅಂಗಡಿಗೆ ಹೋಗಿ, ಹೆಬ್ಬೆರಳಿನಿಂದ ಒತ್ತಿ, ಮೆತ್ತಗಿದೆಯೆಂದು ಕಂಡು, ಬಣ್ಣ ಒಪ್ಪಿ ಹಣ ಕೊಡುತ್ತಾನೆ. ಹಿಂದೆ ಕೂರುವವರನ್ನು ಕೇಳುವುದೇ ಇಲ್ಲ. ಅವರ ಕಷ್ಟ ಅವನಿಗೆ ಕಾಣುವುದೂ ಇಲ್ಲ, ಏಕೆಂದರೆ ಅವರು ಅವನ ಬೆನ್ನ ಹಿಂದಿದ್ದಾರೆ. ಕ್ರಮೇಣ ವಯಸ್ಸಾದ ತಾಯಿ "ನೀವು ಹೋಗಿಬನ್ನಿ ಮಗಾ, ನಾನು ಮನೆಯಲ್ಲಿರುತ್ತೇನೆ" ಎನ್ನತೊಡಗುತ್ತಾಳೆ. ವೈರಾಗ್ಯ ಬಂದುದರಿಂದಲ್ಲ, ಸೊಂಟದ ನೋವಿನಿಂದ ಎಂಬುದನ್ನು ಮನೆಯವರು ತಿಳಿಯುವುದು ತಡವಾಗಿ.

ಮೆತ್ತಗಿರುವುದೆಲ್ಲ ಹಿತವಲ್ಲ

ಕುಳಿತಾಗ ದೇಹದ ಭಾರವು ಮುಖ್ಯವಾಗಿ ಪೃಷ್ಠದ ಕೆಳಗಿನ ಎರಡು ಎಲುಬುಗಳ ಮೇಲೆ ಬೀಳುತ್ತದೆ. ಒಳ್ಳೆಯ ಸೀಟು ಈ ಭಾರವನ್ನು ತೊಡೆಯವರೆಗೂ ಹಂಚುತ್ತದೆ. ಅತಿ ಮೆತ್ತನೆಯ ಸ್ಪಂಜು ಸ್ವಲ್ಪ ಹೊತ್ತಿನಲ್ಲೇ ಕುಸಿದು, ಎಲುಬು ತಳದ ತಟ್ಟೆಗೆ ತಾಗುತ್ತದೆ. ಆಗ ರಕ್ತದ ಓಟ ತಡೆದು ಜೋಮು ಹಿಡಿಯುತ್ತದೆ. ಬೆರಳಿಗೆ ಮೆತ್ತಗಿದ್ದುದು ಒಂದು ಗಂಟೆಯ ಪ್ರಯಾಣದಲ್ಲಿ ಕಲ್ಲಾಗುವುದು ಹೀಗೆ.

ಇಂದಿನ ಸೀಟುಗಳ ಒಳಗಿರುವುದು ಪಾಲಿಯುರೆಥೇನ್ ಫೋಮು. ಜರ್ಮನಿಯ ಒಟ್ಟೊ ಬೇಯರ್ ಎಂಬ ರಸಾಯನಜ್ಞರು 1937ರಲ್ಲಿ ಕಂಡುಹಿಡಿದ ಪದಾರ್ಥಕುಲಕ್ಕೆ ಸೇರಿದ್ದು. ಇದರಲ್ಲಿ ಸಾಂದ್ರತೆ ಬೇರೆ, ಗಡಸುತನ ಬೇರೆ. ಸಾಂದ್ರತೆ ಹೆಚ್ಚಿದ್ದರೆ ಬಾಳಿಕೆ ಹೆಚ್ಚು. ಗಡಸುತನ ಕೂರುವವರ ತೂಕಕ್ಕೆ ತಕ್ಕಂತಿರಬೇಕು. ಮೆಮೊರಿ ಫೋಮು ಎಂಬುದು 1960ರ ದಶಕದಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ ವಿಮಾನದ ಆಸನಗಳಿಗೆಂದು ರೂಪುಗೊಂಡದ್ದು. ಅದು ಚಳಿಯಲ್ಲಿ ಬಿರುಸಾಗುತ್ತದೆ, ಶಾಖಕ್ಕೆ ಸಡಿಲಾಗುತ್ತದೆ. ನಂದಿಬೆಟ್ಟದ ಬುಡದ ಡಿಸೆಂಬರ್ ಮುಂಜಾವಿಗೂ ಏಪ್ರಿಲ್ ತಿಂಗಳ ಬಿಸಿಲಿಗೂ ಅದೊಂದೇ ಸಾಲದು. ಗಟ್ಟಿ ಫೋಮಿನ ಮೇಲೆ ತೆಳು ಪದರವಾಗಿದ್ದರೆ ಅಡ್ಡಿಯಿಲ್ಲ.

ಮೇಲ್ಹೊದಿಕೆಯ ರೆಕ್ಸಿನ್ ನುಣುಪಾಗಿದ್ದರೆ ಬ್ರೇಕು ಹಾಕಿದಾಗಲೆಲ್ಲ ಹಿಂದಿನವರು ಮುಂದಕ್ಕೆ ಜಾರುತ್ತಾರೆ. ಸ್ವಲ್ಪ ಒರಟಾಗಿರುವುದು ಲೇಸು. ಕೂರುವ ಜಾಗದ ನಡುವೆ ಅಲಂಕಾರದ ಹೊಲಿಗೆ ಬೇಡ. ಸೂಜಿ ಹೋದ ದಾರಿಯಲ್ಲಿ ಮಳೆನೀರೂ ಹೋಗುತ್ತದೆ. ನೀರು ಕುಡಿದ ಫೋಮು ಬೇಗ ಕೆಡುತ್ತದೆ.

ಹಿಂದಿನ ಆಸನದ ಧರ್ಮ

ಸೀರೆಯುಟ್ಟ ತಾಯಂದಿರು ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂರುವುದು ನಮ್ಮ ಕಡೆಯ ರೂಢಿ. ಹಾಗೆ ಕುಳಿತಾಗ ಸೊಂಟ ತಿರುಚುತ್ತದೆ. ಸೀಟು ಕಿರಿದಾಗಿದ್ದರೆ ತೊಡೆಗೆ ಆಸರೆಯೇ ಇಲ್ಲ. ಆದುದರಿಂದ ಹಿಂದಿನ ಆಸನವು ಅಗಲವಾಗಿ, ಸಮತಟ್ಟಾಗಿ ಇರಬೇಕು. ಈಚಿನ ಕೆಲವು ಗಾಡಿಗಳಲ್ಲಿ ಹಿಂದಿನ ಸೀಟು ಮುಂದಿನದಕ್ಕಿಂತ ಬಹಳ ಎತ್ತರ, ಅಂಗೈಯಗಲ; ಅದು ಯುವಕರ ಕಣ್ಣಿಗೆ ಚೆಂದ, ಹಿರಿಯರ ದೇಹಕ್ಕಲ್ಲ. ಸುಖಕ್ಕೆಂದು ಫೋಮು ಏರಿಸಿದರೂ ತೊಂದರೆಯುಂಟು: ಹಿಂದಿನವರ ಪಾದ ಪಾದಪೀಠಕ್ಕೆ ಎಟುಕದೆ ಹೋಗಬಹುದು, ಓಡಿಸುವವನ ಕಾಲು ನೆಲಕ್ಕೆ ಊರದೆ ಹೋಗಬಹುದು.

ಕಾನೂನಿನ ಮಾತನ್ನೂ ಮರೆಯಬಾರದು. 1988ರ ಮೋಟಾರು ವಾಹನ ಕಾಯಿದೆಯ 128ನೆಯ ಕಲಮಿನಂತೆ ಹಿಂದೆ ಒಬ್ಬರನ್ನಷ್ಟೇ, ಅದೂ ಭದ್ರವಾಗಿ ಬಿಗಿದ ಸರಿಯಾದ ಸೀಟಿನ ಮೇಲೆ ಕೂರಿಸಬೇಕು. 1989ರ ಕೇಂದ್ರ ನಿಯಮಗಳ 123ನೆಯ ನಿಯಮವು ಹಿಂದಿನವರಿಗೆ ಹಿಡಿ, ಪಾದಪೀಠ, ಬಟ್ಟೆ ಚಕ್ರಕ್ಕೆ ಸಿಕ್ಕದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಮರೆ ಇರಬೇಕೆನ್ನುತ್ತದೆ. ಹೊಸ ಸೀಟಿಗಾಗಿ ಹಿಡಿಯನ್ನೋ ಸೀರೆ ಗಾರ್ಡನ್ನೋ ಕಳಚಿಸುವುದು ಪ್ರಾಣದೊಡನೆ ಆಡುವ ಆಟ. ಮೂಟೆಗಾಗಿ ಮೊಪೆಡ್ಡಿನ ಹಿಂದಿನ ಸೀಟನ್ನು ಬಿಚ್ಚುವ ರೈತ ಬಂಧುಗಳು, ಮರಳಿ ಕೂರಿಸಿದಾಗ ಕೊಂಡಿ ಬಿಗಿಯಾಗಿ ಬಿದ್ದಿದೆಯೇ ಎಂದು ಕೈಯಿಂದ ಎಳೆದು ನೋಡಿ, ಆಮೇಲೆ ಮನೆಯವರನ್ನು ಹತ್ತಿಸಿಕೊಳ್ಳಲಿ.

ಆರಿಸುವ ಕ್ರಮ

ಅಂಗಡಿಗೆ ಒಬ್ಬರೇ ಹೋಗಬೇಡಿ. ಹಿಂದೆ ಕೂರುವವರನ್ನೂ ಕರೆದೊಯ್ಯಿರಿ. ಸಿದ್ಧ ಸೀಟಾದರೆ ನಿಮ್ಮ ಗಾಡಿಯ ಮಾದರಿಗೇ ಮಾಡಿದ್ದೋ, ಕೊಂಡಿ, ಬೀಗ, ತಳದ ರಬ್ಬರುಗಳು ಸರಿಯಾಗಿ ಕೂರುತ್ತವೆಯೋ ನೋಡಿರಿ. ಮುಂದಕ್ಕೆ ಇಳಿಜಾರಾದ ಸೀಟು ಬೇಡ. ಹಳೆಯ ಸೀಟಿನ ಮೇಲೆ ಸಡಿಲ ಕವರು ತೊಡಿಸುವುದು ಅಗ್ಗದ ಉಪಾಯ. ಆದರೆ ತಿರುವಿನಲ್ಲಿ ಅದು ಜಾರುತ್ತದೆ. ಅದಕ್ಕಿಂತ ಊರಿನ ಸೀಟು ಹೊಲಿಯುವವರಲ್ಲಿ ಮೂಲ ಸೀಟನ್ನೇ ಬಿಚ್ಚಿಸಿ, ಕುಸಿದ ಫೋಮು ತೆಗೆಸಿ, ಗಟ್ಟಿ ಫೋಮು ಹಾಕಿಸಿ ಬಿಗಿಯಾಗಿ ಹೊದಿಸುವುದು ಅನೇಕರಿಗೆ ಸಾಕಾಗುತ್ತದೆ. ಯಾವ ಫೋಮು, ಎಷ್ಟು ದಪ್ಪ, ಎಷ್ಟು ಹಣ ಎಂಬುದು ಮೊದಲೇ ನಿಶ್ಚಯವಾಗಲಿ. ಹೊದಿಸುವ ಮುನ್ನ ಫೋಮನ್ನು ಕಣ್ಣಾರೆ ನೋಡಿರಿ.

ಪರೀಕ್ಷೆಯು ಅಂಗಡಿಯ ಮುಂದೆ ಮುಗಿಯಬಾರದು. ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಇಬ್ಬರೂ ಹೋಗಿ ಬಂದರೆ ಸುಮಾರು 30 ಕಿ.ಮೀ. ಆಗುತ್ತದೆ. ಇಳಿದ ಮೇಲೆ ಜೋಮು, ಉರಿ, ಬಾಲಮೂಳೆಯ ನೋವು ಇದ್ದರೆ ಮರಳಿ ಸರಿಪಡಿಸಿಕೊಡುವಂತೆ ಮೊದಲೇ ಮಾತಾಗಿರಲಿ. ಎಂಥ ಸೀಟಾದರೂ ಗಂಟೆಗೊಮ್ಮೆ ಇಳಿದು ಕೈಕಾಲು ಸಡಿಲಿಸುವುದು ಒಳ್ಳೆಯದು. ಸೀಟು ಬದಲಿಸಿದರೂ ತಗ್ಗದ ನೋವಿಗೆ ವೈದ್ಯರೇ ಗತಿ.

ಸೀಟು ಹೊಲಿಯುವ ಬಡ ಕಸುಬುದಾರನನ್ನು ಕಿರಿದಾಗಿ ಕಾಣಬೇಡಿರಿ. ಹನ್ನೆರಡನೆಯ ಶತಮಾನದಲ್ಲಿ ಸೂಜಿಕಾಯಕದ ರಾಮಿತಂದೆ ವಚನಕಾರರ ಸಾಲಿನಲ್ಲಿ ನಿಂತವರು. ಹರಳಯ್ಯನವರು ಪಾದರಕ್ಷೆ ಹೊಲಿದವರು. ಸವೆಯುವ ದೇಹಕ್ಕೆ ಸವೆಯುವ ಸೂಜಿಯಿಂದ ಮಾಡುವ ಸೇವೆ ಅದು. ಚೌಕಾಸಿ ಮಾಡಿ ಅವನ ಕೂಲಿಯನ್ನು ಮುರಿದರೆ ಅವನು ಫೋಮಿನಲ್ಲಿ ಮುರಿದುಕೊಂಡಾನು. ನೋವು ನಮ್ಮ ಮನೆಯವರಿಗೇ ಬರುತ್ತದೆ.

ದಾಸೋಹವೆಂದರೆ ಅನ್ನ ನೀಡುವುದಷ್ಟೇ ಅಲ್ಲ. ತನ್ನ ಸುಖಕ್ಕಿಂತ ಮುಂಚೆ ಜೊತೆಯವರ ಸುಖವನ್ನು ವಿಚಾರಿಸುವುದೂ ದಾಸೋಹವೇ. ಮುಂದಿನ ಬಸವ ಜಯಂತಿಯ ಹೊತ್ತಿಗೆ ಮನೆಯಲ್ಲೇ ಉಳಿಯುತ್ತಿದ್ದ ತಾಯಂದಿರು ಮಕ್ಕಳ ಬೆನ್ನ ಹಿಂದೆ ನೆಮ್ಮದಿಯಾಗಿ ಕುಳಿತು ಮಠಕ್ಕೆ ಬರುವಂತಾಗಲಿ ಎಂಬುದು ನಮ್ಮ ಹಾರೈಕೆ.