ಹೊಟ್ಟೆಯ ಕೊಬ್ಬು ಮಂಡಿನೋವಿಗೆ ಮದ್ದೇ?

ಸುಜೂದಿನಿಂದ ಏಳುವಾಗ ನಿಮ್ಮ ಮಂಡಿ ಹಿಡಿದುಕೊಳ್ಳುತ್ತದೆಯೇ? ಸ್ವಲ್ಪ ಹೊತ್ತು ನೆಲದ ಮೇಲೆ ಕುಳಿತರೂ ಎದ್ದೇಳಲು ಗೋಡೆಯ ಆಸರೆ ಬೇಕೇ? ಹಾಗಿದ್ದರೆ, “ಹೊಟ್ಟೆಯ ಕೊಬ್ಬಿನಿಂದ ಜೀವಕೋಶ ತೆಗೆದು ಮಂಡಿಗೆ ಚುಚ್ಚುತ್ತಾರೆ, ಆಪರೇಷನ್ನೇ ಬೇಡ” ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಕೈಬಳೆ ಅಡವಿಡುವ ಮುನ್ನ ಸ್ವಲ್ಪ ಯೋಚಿಸಿ ಸಹೋದರಿ.

ಏನಿದು ಚಿಕಿತ್ಸೆ?

ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶಗಳಿಗೆ ಆಕರಕೋಶ ಅಥವಾ ಸ್ಟೆಮ್ ಸೆಲ್ ಎನ್ನುತ್ತಾರೆ. ಅವು ನಮ್ಮ ಕೊಬ್ಬಿನಲ್ಲೂ ಇವೆ ಎಂದು ಅಮೆರಿಕದ ವಿಜ್ಞಾನಿಗಳು 2001ರಲ್ಲಿ ತೋರಿಸಿದರು. ಹೊಟ್ಟೆ ಅಥವಾ ತೊಡೆಯ ಭಾಗಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಕೊಬ್ಬನ್ನು ಹೀರಿ ತೆಗೆಯುತ್ತಾರೆ. ಅದನ್ನು ತೊಳೆದು, ಸಂಸ್ಕರಿಸಿ, ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಕೋಶಗಳನ್ನು ಬೇರ್ಪಡಿಸುತ್ತಾರೆ. ಬಳಿಕ ಸವೆದ ಮಂಡಿಗೆ, ಕೆಲವೆಡೆ ಭುಜ ಮತ್ತು ಹಿಮ್ಮಡಿಯ ಸ್ನಾಯುರಜ್ಜುಗಳಿಗೆ ಚುಚ್ಚುತ್ತಾರೆ.

ಇದರಿಂದ ಕೆಲವರ ನೋವು ಕೆಲವು ತಿಂಗಳು ತಗ್ಗಿದ್ದುಂಟು. ಆದರೆ ಸವೆದ ಮೃದ್ವಸ್ಥಿ ಮತ್ತೆ ಬೆಳೆಯುತ್ತದೆಂಬುದು ಸಾಬೀತಾಗಿಲ್ಲ. ಅಮೆರಿಕದಲ್ಲಿ ಮಂಡಿ ಸವೆತದ 400ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಕೊಬ್ಬಿನ ಕೋಶಗಳೂ ಸೇರಿದಂತೆ ಮೂರು ಬಗೆಯ ಕೋಶ ಚಿಕಿತ್ಸೆಗಳನ್ನು ಅಗ್ಗದ ಸ್ಟಿರಾಯ್ಡ್ ಚುಚ್ಚುಮದ್ದಿನೊಂದಿಗೆ ಹೋಲಿಸಿದಾಗ, ಒಂದು ವರ್ಷದ ನಂತರ ಯಾವುದೂ ಅದಕ್ಕಿಂತ ಮೇಲಾಗಿರಲಿಲ್ಲ.

ನಮ್ಮ ದೇಶದ ನಿಯಮ

2017ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಇಂತಹ ಚಿಕಿತ್ಸೆಗಳನ್ನು ಅನುಮತಿ ಪಡೆದ ಪ್ರಯೋಗಗಳಲ್ಲಿ ಮಾತ್ರ ನೀಡಬೇಕು. ಪ್ರಯೋಗಕ್ಕೆ ಒಳಗಾಗುವ ರೋಗಿಯಿಂದ ಅದಕ್ಕಾಗಿ ಹಣ ಪಡೆಯುವಂತಿಲ್ಲ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ರೂಪಿಸಿದ ಔಷಧಕ್ಕೆ ಮಂಡಿ ಸವೆತಕ್ಕಾಗಿ 2022ರಲ್ಲಿ ಅನುಮತಿ ಸಿಕ್ಕಿತು, ನಿಜ. ಆದರೆ ಅದನ್ನು ತಯಾರಿಸುವುದು ಆರೋಗ್ಯವಂತ ದಾನಿಗಳ ಅಸ್ಥಿಮಜ್ಜೆಯಿಂದ, ರೋಗಿಯ ಕೊಬ್ಬಿನಿಂದಲ್ಲ. ಆ ಅನುಮತಿಯನ್ನು ತೋರಿಸಿ ಕೊಬ್ಬಿನ ಚಿಕಿತ್ಸೆ ಮಾರುವವರನ್ನು ನಂಬಬೇಡಿ.

ನಿಮ್ಮ ಮನೆಯ ನೀರು ಎಂತಹುದು?

ಚಿತ್ರದುರ್ಗ ಜಿಲ್ಲೆಯವರು ಇದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಅನೇಕ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲುಗಳಲ್ಲಿ ಕಂದು ಕಲೆ ಮೂಡುತ್ತದೆ; ದೊಡ್ಡವರ ಕುತ್ತಿಗೆ, ಬೆನ್ನು, ಕೀಲುಗಳು ಬಿಗಿಯುತ್ತವೆ. ಇದೇ ಫ್ಲೋರೋಸಿಸ್. ನೋವಿನ ಮೂಲ ಬಿಂದಿಗೆಯಲ್ಲಿದ್ದರೆ ಮಂಡಿಗೆ ಯಾವ ಕೋಶ ಚುಚ್ಚಿ ಏನು ಫಲ?

ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ. ನೀರನ್ನು ಪರೀಕ್ಷೆ ಮಾಡಿಸಿ. ಕುಡಿಯಲು ಮಾತ್ರವಲ್ಲ, ಅಡುಗೆಗೂ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ. ಹಾಲು, ಮಜ್ಜಿಗೆ, ರಾಗಿ, ನೆಲ್ಲಿಕಾಯಿ ನಿಮ್ಮ ಊಟದಲ್ಲಿರಲಿ.

ಏನು ಮಾಡಬೇಕು?

ಮೊದಲು ಜಿಲ್ಲಾಸ್ಪತ್ರೆಯ ಮೂಳೆ ತಜ್ಞರಿಗೆ ತೋರಿಸಿ, ಎಕ್ಸ್‌ರೇ ತೆಗೆಸಿ. ಸವೆತ ಆರಂಭದಲ್ಲಿದ್ದರೆ ತೂಕ ಇಳಿಸುವುದು ಮತ್ತು ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ದೊಡ್ಡ ನೆರವು. ಕುರ್ಚಿಯಲ್ಲಿ ಕುಳಿತು ಕಾಲನ್ನು ನೇರವಾಗಿ ಚಾಚಿ, ಐದೆಣಿಸಿ ಇಳಿಸುವುದನ್ನು ಮನೆಗೆಲಸದ ನಡುವೆಯೂ ಮಾಡಬಹುದು. ಸವೆತ ತೀರಾ ಹೆಚ್ಚಾಗಿದ್ದರೆ ಮಂಡಿ ಬದಲಾವಣೆ ಶಸ್ತ್ರಚಿಕಿತ್ಸೆ ಇದೆ.

ಕೊಬ್ಬಿನ ಕೋಶ ಚಿಕಿತ್ಸೆಗೆ ಯಾರಾದರೂ ಕರೆದರೆ ಮೂರು ಪ್ರಶ್ನೆ ಕೇಳಿ: ಇದು ಸರಕಾರದಲ್ಲಿ ನೋಂದಾಯಿತ ಪ್ರಯೋಗವೇ? ನೋಂದಣಿ ಸಂಖ್ಯೆ ಏನು? ಪ್ರಯೋಗವಾದರೆ ಹಣವೇಕೆ? ಉತ್ತರ ತಡವರಿಸಿದರೆ ಎದ್ದು ಬನ್ನಿ.

ಚಿಕಿತ್ಸೆ ಪಡೆಯಿರೆಂದು ನಮ್ಮ ಪ್ರವಾದಿ(ಸ) ಕಲಿಸಿದ್ದಾರೆ. ನಿಲ್ಲಲಾಗದವರಿಗೆ ಕುಳಿತು ನಮಾಝ್ ಮಾಡುವ ರಿಯಾಯಿತಿಯನ್ನೂ ಇಸ್ಲಾಮ್ ನೀಡಿದೆ. ಹಾಗಿರುವಾಗ ಮಂಡಿಯ ಚಿಂತೆಯಲ್ಲಿ ಆತುರಪಟ್ಟು, ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ಸಾಬೀತಾಗದ ಭರವಸೆಗೆ ಸುರಿಯಬೇಡಿ.